ಎಚ್.ವೈ. ಶಾರದಾಪ್ರಸಾದ್: ಪ್ರಧಾನಿಯ ಮಾತಿನ ಹಿಂದಿದ್ದ ಕನ್ನಡಿಗ

ಹೊಳೆನರಸೀಪುರ ಯೋಗಾನರಸಿಂಹ ಶಾರದಾಪ್ರಸಾದ್ (ಜನನ: ಏಪ್ರಿಲ್ 15, 1924, ಬೆಂಗಳೂರು, ನಿಧನ: ಸೆಪ್ಟೆಂಬರ್ 2, 2008, ನವದೆಹಲಿ) ಪತ್ರಕರ್ತ, ಲೇಖಕ, ಅನುವಾದಕ. ಇಂದಿರಾ ಗಾಂಧಿ, ಮೊರಾರ್ಜಿ ದೇಸಾಯಿ ಮತ್ತು ರಾಜೀವ್ ಗಾಂಧಿ ಈ ಮೂವರು ಪ್ರಧಾನಮಂತ್ರಿಗಳ ಕಾರ್ಯಾಲಯದಲ್ಲಿ ಅವರು ಒಟ್ಟು ಸುಮಾರು ಎರಡು ದಶಕಗಳ ಕಾಲ ಮಾಹಿತಿ ವಿಭಾಗದ ಹೊಣೆ ಹೊತ್ತಿದ್ದರು. 1966ರಿಂದ 1988ರವರೆಗಿನ ಅವಧಿಯಲ್ಲಿ ಎರಡು ವರ್ಷಗಳ ಬಿಡುವನ್ನುಳಿದು, ದೇಶದ ಅತ್ಯುನ್ನತ ಕಚೇರಿಯಿಂದ ಹೊರಟ ಭಾಷಣ, ಸಂದೇಶ ಹಾಗೂ ಹೇಳಿಕೆಗಳ ಕರಡುಗಳು ಈ ಕನ್ನಡಿಗನ ಮೇಜಿನ ಮೇಲೆ ಹಾದುಹೋದವು. ಹಾಗಿದ್ದೂ ಅವರ ಹೆಸರು ಜನಸಾಮಾನ್ಯರಿಗೆ ಹೆಚ್ಚಾಗಿ ತಿಳಿಯಲಿಲ್ಲ. ತಿಳಿಯಬಾರದೆಂಬುದೇ ಆ ಹುದ್ದೆಯ ನಿಯಮವೆಂದು ನಂಬಿ ನಡೆದವರು ಅವರು.

ಅಧಿಕಾರದ ಅತ್ಯಂತ ಸಮೀಪದಲ್ಲಿದ್ದೂ ನಿವೃತ್ತಿಯ ನಂತರ ಅಧಿಕಾರದ ಒಳಗುಟ್ಟುಗಳನ್ನು ಬರೆಯಲು ಒಪ್ಪದ ಅಪರೂಪದ ಅಧಿಕಾರಿ ಎಂದು ಅವರನ್ನು ಹಲವರು ಗೌರವಿಸುತ್ತಾರೆ. ಆದರೆ ಆ ಮೌನದಿಂದ ದೇಶದ ಇತಿಹಾಸಕ್ಕೆ, ಅದರಲ್ಲೂ ತುರ್ತು ಪರಿಸ್ಥಿತಿಯ ಇತಿಹಾಸಕ್ಕೆ, ಒಬ್ಬ ಮುಖ್ಯ ಸಾಕ್ಷಿ ಇಲ್ಲದಂತಾಯಿತೇ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು. ಅವರ ವೃತ್ತಿಜೀವನವನ್ನು ಈ ಎರಡೂ ದೃಷ್ಟಿಗಳಿಂದ ನೋಡಬೇಕಾಗುತ್ತದೆ.

ಮನೆತನ ಮತ್ತು ಮೈಸೂರು

ಶಾರದಾಪ್ರಸಾದರ ತಂದೆ ಹೊಳೆನರಸೀಪುರದ ಯೋಗಾನರಸಿಂಹಂ ಸಂಸ್ಕೃತ ವಿದ್ವಾಂಸರು, ಅಧ್ಯಾಪಕರು ಹಾಗೂ ಕರ್ನಾಟಕ ಸಂಗೀತದ ವಾಗ್ಗೇಯಕಾರರು. ಸಂಗೀತ, ಸಾಹಿತ್ಯ ಮತ್ತು ಭಾಷೆಗಳ ಚರ್ಚೆ ದಿನನಿತ್ಯದ ಮಾತಾಗಿದ್ದ ಮನೆ ಅದು. ಸಹೋದರರಲ್ಲಿ ಎಚ್.ವೈ. ಮೋಹನರಾಮ್ ದೆಹಲಿ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಹೆಸರು ಮಾಡಿದರು. ಮತ್ತೊಬ್ಬ ಸಹೋದರ ನಾರಾಯಣ ದತ್ತ ಹಿಂದಿಯ ‘ನವನೀತ’ ಮಾಸಪತ್ರಿಕೆಯ ಸಂಪಾದಕರಾಗಿದ್ದರು. ಕನ್ನಡದ ಮನೆಯೊಂದರಿಂದ ಹೊರಟ ಸಹೋದರರಲ್ಲಿ ಒಬ್ಬರು ಇಂಗ್ಲಿಷ್‌ನಲ್ಲೂ ಇನ್ನೊಬ್ಬರು ಹಿಂದಿಯಲ್ಲೂ ಸಂಪಾದಕರೆನಿಸಿಕೊಂಡದ್ದು ಆ ಮನೆಯ ಭಾಷಾ ಸಂಸ್ಕಾರಕ್ಕೆ ಸಾಕ್ಷಿ.

ಶಾರದಾಪ್ರಸಾದ್ ಓದಿದ್ದು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ. ಮುಂದೆ ಛಾಯಾಚಿತ್ರ ಪತ್ರಿಕೋದ್ಯಮದಲ್ಲಿ ರಾಷ್ಟ್ರಖ್ಯಾತಿ ಪಡೆದ ಟಿ.ಎಸ್. ಸತ್ಯನ್ ಅವರ ಮೈಸೂರಿನ ಒಡನಾಡಿ. ಈ ಇಬ್ಬರೂ ಕೂಡಿ ನಾಡಿನ ಬಗ್ಗೆ ‘ಎಕ್ಸ್‌ಪ್ಲೋರಿಂಗ್ ಕರ್ನಾಟಕ’ ಎಂಬ ಸಚಿತ್ರ ಇಂಗ್ಲಿಷ್ ಗ್ರಂಥವನ್ನೂ ಹೊರತಂದರು. ಬರಹ ಶಾರದಾಪ್ರಸಾದರದು, ಚಿತ್ರಗಳು ಸತ್ಯನ್ ಅವರವು.

ಸೆರೆಮನೆಯ ದಿನಚರಿ

1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಆರಂಭವಾದಾಗ ಮೈಸೂರು ಸಂಸ್ಥಾನದ ವಿದ್ಯಾರ್ಥಿಗಳೂ ತರಗತಿಗಳನ್ನು ತೊರೆದು ಬೀದಿಗಿಳಿದರು. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಘೋಷಿಸಿಕೊಂಡಿತು. ವಿದ್ಯಾರ್ಥಿ ನಾಯಕರಾಗಿದ್ದ ಶಾರದಾಪ್ರಸಾದ್ ಬಂಧನಕ್ಕೊಳಗಾಗಿ ಜೈಲು ಸೇರಿದರು. ಚಳವಳಿಯ ಸುದ್ದಿಯನ್ನು ಪತ್ರಿಕೆಗಳು ಪ್ರಕಟಿಸದಂತೆ ಬ್ರಿಟಿಷ್ ಸರ್ಕಾರ ಕಟ್ಟುಪಾಡುಗಳನ್ನು ವಿಧಿಸಿದ್ದ ಕಾಲವದು. ಗಾಂಧೀಜಿಯವರ ‘ಹರಿಜನ’ ಪತ್ರಿಕೆಯೇ ಆಗ ನಿಂತುಹೋಗಿತ್ತು.

ಹದಿಹರೆಯದ ಆ ವಿದ್ಯಾರ್ಥಿ ಸೆರೆಮನೆಯಲ್ಲಿ ದಿನಚರಿ ಬರೆದರು. ಅದು ಅವರು ಬದುಕಿರುವಾಗ ಪುಸ್ತಕವಾಗಲಿಲ್ಲ. ನಿಧನದ ನಂತರ ‘ಎ ವಿಂಡೋ ಆನ್ ದಿ ವಾಲ್’ ಎಂಬ ಹೆಸರಿನಲ್ಲಿ, ಹತ್ತೊಂಬತ್ತು ವರ್ಷದ ತರುಣನ ಜೈಲು ದಿನಚರಿ ಎಂಬ ಉಪಶೀರ್ಷಿಕೆಯೊಂದಿಗೆ ಬೆಳಕು ಕಂಡಿತು. ತಮ್ಮ ಬಗ್ಗೆ ಬರೆದುಕೊಂಡ ಬರಹವನ್ನು ಪ್ರಕಟಿಸಲು ಅವರಿಗೆ ಎಂದೂ ಆತುರವಿರಲಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

ಪತ್ರಿಕೆಯಿಂದ ‘ಯೋಜನಾ’ಕ್ಕೆ

1945ರಲ್ಲಿ ಅವರು ಮುಂಬಯಿಯ ‘ಇಂಡಿಯನ್ ಎಕ್ಸ್‌ಪ್ರೆಸ್’ ಸೇರಿದರು. ಉಪಸಂಪಾದಕರ ಮೇಜಿನಿಂದ ಆರಂಭಿಸಿ ಸುದ್ದಿ ಸಂಪಾದಕರ ಸ್ಥಾನದವರೆಗೆ ಏರಿದರು. 1955-56ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ನೀಮನ್ ಫೆಲೋಶಿಪ್ ದೊರೆಯಿತು. ವೃತ್ತಿನಿರತ ಪತ್ರಕರ್ತರಿಗೆ ಒಂದು ವರ್ಷ ಓದು ಮತ್ತು ಚಿಂತನೆಗೆ ಬಿಡುವು ಕೊಡುವ ಈ ಗೌರವ ಆ ದಿನಗಳಲ್ಲಿ ಬೆರಳೆಣಿಕೆಯ ಭಾರತೀಯರಿಗಷ್ಟೇ ಸಿಕ್ಕಿತ್ತು.

ಯೋಜನಾ ಆಯೋಗದ ಪರವಾಗಿ 1957ರ ಜನವರಿಯಲ್ಲಿ ‘ಯೋಜನಾ’ ಪತ್ರಿಕೆ ಆರಂಭವಾಯಿತು. ಖುಷ್ವಂತ್ ಸಿಂಗ್ ಅದರ ಮೊದಲ ಸಂಪಾದಕರು. ಅವರೊಂದಿಗೆ ಕೆಲಸ ಮಾಡಿದ ಶಾರದಾಪ್ರಸಾದ್ ಮುಂದೆ ಸಂಪಾದಕರ ಹೊಣೆ ವಹಿಸಿಕೊಂಡರು. ಪಂಚವಾರ್ಷಿಕ ಯೋಜನೆಗಳ ಅಂಕಿ-ಅಂಶಗಳನ್ನು ಸಾಮಾನ್ಯ ಓದುಗನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವುದು ಅಲ್ಲಿನ ಕೆಲಸ. ಕಡತದ ಭಾಷೆಯನ್ನು ಮನುಷ್ಯರ ಭಾಷೆಯಾಗಿಸುವ ಆ ಅಭ್ಯಾಸವೇ ಅವರನ್ನು ಮುಂದಿನ ಹುದ್ದೆಗೆ ಅಣಿಗೊಳಿಸಿತು.

ಪ್ರಧಾನಿ ಸಚಿವಾಲಯ

1966ರ ಜನವರಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ನಿಧನದ ನಂತರ ಇಂದಿರಾ ಗಾಂಧಿ ಪ್ರಧಾನಿಯಾದರು. ಪತ್ರಕರ್ತ ಬಿ.ಜಿ. ವರ್ಗೀಸ್ ಅವರ ಮಾಹಿತಿ ಸಲಹೆಗಾರರಾಗಿ ಬಂದರು. ಅದೇ ವರ್ಷ ಶಾರದಾಪ್ರಸಾದ್ ಕೂಡ ಆ ವಿಭಾಗವನ್ನು ಸೇರಿದರು. 1969ರಲ್ಲಿ ವರ್ಗೀಸ್ ‘ಹಿಂದೂಸ್ತಾನ್ ಟೈಮ್ಸ್’ ಸಂಪಾದಕರಾಗಿ ನಿರ್ಗಮಿಸಿದ ಮೇಲೆ ಮಾಹಿತಿ ವಿಭಾಗದ ಮುಖ್ಯ ಹೊಣೆ ಶಾರದಾಪ್ರಸಾದರ ಹೆಗಲೇರಿತು.

ಪ್ರಧಾನಿಯ ಕಾರ್ಯದರ್ಶಿಯಾಗಿದ್ದ ಪಿ.ಎನ್. ಹಕ್ಸರ್, ಅವರ ನಂತರ ಬಂದ ಪಿ.ಎನ್. ಧರ್ ಮೊದಲಾದವರಿಂದ ಸಚಿವಾಲಯ ಅಸಾಧಾರಣ ಪ್ರಭಾವ ಪಡೆದಿದ್ದ ಕಾಲವದು. 1969ರ ಜುಲೈನಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ, ಅದೇ ವರ್ಷ ಕಾಂಗ್ರೆಸ್ ವಿಭಜನೆ, 1971ರ ಬಾಂಗ್ಲಾ ವಿಮೋಚನಾ ಯುದ್ಧ, 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನ, 1974ರ ಪೋಖ್ರಾನ್ ಅಣು ಪರೀಕ್ಷೆ, ಹೀಗೆ ಒಂದರ ಹಿಂದೆ ಒಂದರಂತೆ ಬಂದ ಘಟನೆಗಳಲ್ಲಿ ಸರ್ಕಾರದ ನಿಲುವನ್ನು ದೇಶಕ್ಕೂ ಜಗತ್ತಿಗೂ ತಿಳಿಸುವ ಕೆಲಸ ಮಾಹಿತಿ ವಿಭಾಗದ ಮೇಲಿತ್ತು.

ಹುದ್ದೆಯ ಸ್ವರೂಪ

ಪ್ರಧಾನಿಯ ಮಾಹಿತಿ ಸಲಹೆಗಾರನ ಕೆಲಸವನ್ನು ಸರ್ಕಾರದ ಪ್ರಚಾರ ಇಲಾಖೆಯ ಕೆಲಸದಿಂದ ಬೇರೆಯಾಗಿ ನೋಡಬೇಕು. ಸಚಿವಾಲಯಗಳ ಪ್ರಕಟಣೆಗಳನ್ನು ಪತ್ರಿಕೆಗಳಿಗೆ ಮುಟ್ಟಿಸುವುದು ವಾರ್ತಾ ಇಲಾಖೆಯ ಪತ್ರಿಕಾ ಮಾಹಿತಿ ಕಚೇರಿಯ ಹೊಣೆ. ಸಲಹೆಗಾರನಾದರೋ ಒಬ್ಬ ವ್ಯಕ್ತಿಯ ಮಾತಿಗೆ ಹೊಣೆಗಾರ. ಭಾಷಣದ ಕರಡು ಸಿದ್ಧಪಡಿಸುವುದು, ಸಂದರ್ಶನಗಳನ್ನು ಗೊತ್ತುಮಾಡುವುದು, ವಿದೇಶ ಪ್ರವಾಸಗಳಲ್ಲಿ ಜತೆಗಿದ್ದು ಪತ್ರಕರ್ತರನ್ನು ಎದುರುಗೊಳ್ಳುವುದು, ಪತ್ರಿಕೆಗಳು ಏನು ಬರೆಯುತ್ತಿವೆ ಎಂಬುದನ್ನು ಪ್ರಧಾನಿಗೆ ಇದ್ದದ್ದು ಇದ್ದಂತೆ ತಿಳಿಸುವುದು, ಸ್ಮರಣ ಸಂಚಿಕೆಗಳಿಗೆ ಸಂದೇಶ, ಪುಸ್ತಕಗಳಿಗೆ ಮುನ್ನುಡಿ, ಗಣ್ಯರ ನಿಧನಕ್ಕೆ ಸಂತಾಪ, ಎಲ್ಲವೂ ಈ ಹುದ್ದೆಯ ವ್ಯಾಪ್ತಿಗೆ ಬರುತ್ತವೆ.

ಭಾಷಣವೊಂದು ಒಬ್ಬರ ಕೈಯಿಂದಲೇ ಮೂಡುವುದು ಅಪರೂಪ. ಸಂಬಂಧಪಟ್ಟ ಸಚಿವಾಲಯ ವಿಷಯ ಒದಗಿಸುತ್ತದೆ, ಕಾರ್ಯದರ್ಶಿಗಳು ನೀತಿಯ ಗೆರೆ ಹಾಕುತ್ತಾರೆ, ಸಲಹೆಗಾರ ಭಾಷೆ ತಿದ್ದುತ್ತಾನೆ, ಕೊನೆಗೆ ಪ್ರಧಾನಿ ತಮಗೆ ಒಗ್ಗದ್ದನ್ನು ಹೊಡೆದು ಹಾಕುತ್ತಾರೆ. ಮಾತು ಆಡಿದವರದ್ದೇ ಹೊರತು ಬರೆದವರದ್ದಲ್ಲ ಎಂಬುದು ಈ ವೃತ್ತಿಯ ಮೊದಲ ಪಾಠ. ಇಂಥ ವಾಕ್ಯ ನನ್ನದು ಎಂದು ಹಕ್ಕು ಸಾಧಿಸದಿರುವುದನ್ನು ಶಾರದಾಪ್ರಸಾದ್ ಕೊನೆಯವರೆಗೂ ಪಾಲಿಸಿದರು.

ತುರ್ತು ಪರಿಸ್ಥಿತಿಯ ಪ್ರಶ್ನೆ

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿತು. ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರ ಸಹಿಯೊಂದಿಗೆ ತುರ್ತು ಪರಿಸ್ಥಿತಿ ಜಾರಿಯಾಯಿತು. ದೆಹಲಿಯ ಬಹಾದ್ದೂರ್ ಶಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳ ವಿದ್ಯುತ್ ಕಡಿತಗೊಂಡಿತು. ಮರುದಿನ ಬೆಳಿಗ್ಗೆ ಪ್ರಧಾನಿ ಆಕಾಶವಾಣಿಯಲ್ಲಿ ದೇಶವನ್ನುದ್ದೇಶಿಸಿ ಮಾತನಾಡಿದರು. ಪತ್ರಿಕೆಗಳ ಮೇಲೆ ಪೂರ್ವಭಾವಿ ಸೆನ್ಸಾರ್ ಜಾರಿಗೆ ಬಂತು. ವಾರ್ತಾ ಸಚಿವ ಐ.ಕೆ. ಗುಜ್ರಾಲ್ ಅವರನ್ನು ಬದಲಿಸಿ ವಿ.ಸಿ. ಶುಕ್ಲಾ ಅವರನ್ನು ತರಲಾಯಿತು. ಶಾರದಾಪ್ರಸಾದ್ ಒಂದು ಕಾಲಕ್ಕೆ ದುಡಿದಿದ್ದ ‘ಇಂಡಿಯನ್ ಎಕ್ಸ್‌ಪ್ರೆಸ್’ ಜೂನ್ 28ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರತಿಭಟಿಸಿತು. ಅವರಿಗಿಂತ ಮೊದಲು ಪ್ರಧಾನಿಯ ಮಾಹಿತಿ ಸಲಹೆಗಾರರಾಗಿದ್ದ ವರ್ಗೀಸ್, ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಅದೇ ವರ್ಷ ‘ಹಿಂದೂಸ್ತಾನ್ ಟೈಮ್ಸ್’ ಸಂಪಾದಕತ್ವ ಕಳೆದುಕೊಂಡರು.

ಕರ್ನಾಟಕದಲ್ಲೂ ಇದರ ಬಿಸಿ ತಟ್ಟಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ ಮತ್ತು ಎಲ್.ಕೆ. ಅಡ್ವಾಣಿ ಜೂನ್ 26ರಂದು ಇಲ್ಲಿಯೇ ಬಂಧಿತರಾಗಿ ಬೆಂಗಳೂರಿನ ಕೇಂದ್ರ ಕಾರಾಗೃಹ ಸೇರಿದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ 1976ರಲ್ಲಿ ಬಂಧನಕ್ಕೊಳಗಾಗಿ ಬೆಂಗಳೂರಿನ ಜೈಲಿನಲ್ಲಿ ಆರೋಗ್ಯ ಕಳೆದುಕೊಂಡು, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರೂ ಸೆರೆಮನೆಯಲ್ಲಿ ದಿನಚರಿ ಬರೆದಿದ್ದರು. ಅದು 1977ರಲ್ಲಿ ಪ್ರಕಟವಾಯಿತು. ಕೋಟ ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ತಮಗೆ ಸಂದಿದ್ದ ಪದ್ಮಭೂಷಣವನ್ನು ಸರ್ಕಾರಕ್ಕೆ ಹಿಂತಿರುಗಿಸಿದರು.

ಈ 21 ತಿಂಗಳುಗಳಲ್ಲಿ ಶಾರದಾಪ್ರಸಾದ್ ಹುದ್ದೆಯಲ್ಲೇ ಮುಂದುವರಿದರು. 1942ರಲ್ಲಿ ವಾಕ್ ಸ್ವಾತಂತ್ರ್ಯವಿಲ್ಲದ ಆಡಳಿತವನ್ನು ಎದುರಿಸಿ ಜೈಲಿಗೆ ಹೋಗಿದ್ದವರು, ಪತ್ರಿಕೆಗಳ ಬಾಯಿ ಕಟ್ಟಿದ ಸರ್ಕಾರದ ಮುಖ್ಯಸ್ಥರಿಗೆ ಮಾಹಿತಿ ಸಲಹೆಗಾರರಾಗಿದ್ದರು ಎಂಬುದು ಅವರ ಜೀವನಚಿತ್ರದಲ್ಲಿ ತಪ್ಪಿಸಿ ಹೋಗಲಾಗದ ಸಂಗತಿ. ಸೆನ್ಸಾರ್ ನಡೆಸಿದ್ದು ವಾರ್ತಾ ಸಚಿವಾಲಯ. ಅಧಿಕಾರದ ಕೇಂದ್ರ ಪ್ರಧಾನಿಯ ಕಚೇರಿಯಿಂದ ಪ್ರಧಾನಿಯ ನಿವಾಸಕ್ಕೆ, ಸಂಜಯ್ ಗಾಂಧಿಯವರ ಕೈಗೆ ಜಾರಿತ್ತು. ಆದ್ದರಿಂದ ಕಚೇರಿಯ ಹಿರಿಯ ಅಧಿಕಾರಿಗಳ ಮಾತು ನಡೆಯುವಂತಿರಲಿಲ್ಲ ಎಂಬ ಸಮಾಧಾನವನ್ನು ಕೆಲವರು ಹೇಳುತ್ತಾರೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಮಾತು ನಡೆಯದ ಕಡೆ ಉಳಿಯುವುದೂ ಒಂದು ತೀರ್ಮಾನವೇ. ಒಳಗಿದ್ದು ಆದಷ್ಟು ಕೆಡುಕು ತಡೆಯುತ್ತೇನೆ ಎನ್ನುವ ಅಧಿಕಾರಿ ಎಷ್ಟು ತಡೆದ ಎಂಬುದನ್ನು ಅವನೇ ಹೇಳದಿದ್ದರೆ ಬೇರೆ ಯಾರೂ ಹೇಳಲಾರರು. ಶಾರದಾಪ್ರಸಾದರ ಮೌನ ಇಲ್ಲಿ ಅವರಿಗೇ ಪ್ರತಿಕೂಲವಾಗಿ ನಿಲ್ಲುತ್ತದೆ.

ನಿರ್ಗಮನ ಮತ್ತು ಪುನರಾಗಮನ

1977ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸೋತು ಜನತಾ ಪಕ್ಷ ಅಧಿಕಾರಕ್ಕೆ ಬಂತು. ಹೊಸ ಪ್ರಧಾನಿ ಮೊರಾರ್ಜಿ ದೇಸಾಯಿ ‘ಪ್ರಧಾನಮಂತ್ರಿಗಳ ಸಚಿವಾಲಯ’ ಎಂಬ ಹೆಸರನ್ನು ‘ಪ್ರಧಾನಮಂತ್ರಿಗಳ ಕಾರ್ಯಾಲಯ’ ಎಂದು ಬದಲಿಸಿ ಅದರ ಗಾತ್ರವನ್ನು ತಗ್ಗಿಸಿದರು. ಹಿಂದಿನ ಪ್ರಧಾನಿಯ ನಿಕಟವರ್ತಿಗಳನ್ನು ಸಂಶಯದಿಂದ ನೋಡುತ್ತಿದ್ದ ಆ ದಿನಗಳಲ್ಲೂ ಶಾರದಾಪ್ರಸಾದರನ್ನು ಕೆಲಕಾಲ ಉಳಿಸಿಕೊಳ್ಳಲಾಯಿತು. ಅವರನ್ನು ಪಕ್ಷದ ಮನುಷ್ಯನೆಂದಲ್ಲದೆ ವೃತ್ತಿನಿಷ್ಠ ಅಧಿಕಾರಿಯೆಂದು ವಿರೋಧಿಗಳೂ ಕಂಡಿದ್ದರೆಂಬುದಕ್ಕೆ ಇದು ನಿದರ್ಶನ. 1978ರಲ್ಲಿ ಅವರು ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯ ನಿರ್ದೇಶಕರಾಗಿ ತೆರಳಿದರು. ಅದೇ ವರ್ಷದ ನವೆಂಬರ್‌ನಲ್ಲಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಗೆದ್ದು ಇಂದಿರಾ ಗಾಂಧಿ ಲೋಕಸಭೆಗೆ ಮರಳಿದರು. 1980ರ ಜನವರಿಯಲ್ಲಿ ಅವರು ಮತ್ತೆ ಪ್ರಧಾನಿಯಾದಾಗ ಶಾರದಾಪ್ರಸಾದರೂ ಹಳೆಯ ಹೊಣೆಗೆ ಹಿಂತಿರುಗಿದರು.

1984ರ ಅಕ್ಟೋಬರ್ 31ರ ಬೆಳಿಗ್ಗೆ ಬ್ರಿಟಿಷ್ ನಟ ಪೀಟರ್ ಉಸ್ತಿನೋವ್ ಅವರೊಂದಿಗೆ ಪ್ರಧಾನಿಯ ಟಿವಿ ಸಂದರ್ಶನ ನಿಗದಿಯಾಗಿತ್ತು. ಅಕ್ಬರ್ ರಸ್ತೆಯ ಕಚೇರಿಯ ಆವರಣದಲ್ಲಿ ಕ್ಯಾಮೆರಾ ಸಜ್ಜಾಗಿತ್ತು. ಉಸ್ತಿನೋವ್ ತಂಡದೊಂದಿಗೆ ಶಾರದಾಪ್ರಸಾದ್ ಅಲ್ಲಿ ಕಾಯುತ್ತಿದ್ದರು. ಪಕ್ಕದ ಸಫ್ದರ್‌ಜಂಗ್ ರಸ್ತೆಯ ನಿವಾಸದಿಂದ ಅಲ್ಲಿಗೆ ನಡೆದು ಬರುವ ಹಾದಿಯಲ್ಲೇ ಇಂದಿರಾ ಗಾಂಧಿ ತಮ್ಮ ಅಂಗರಕ್ಷಕರ ಗುಂಡಿಗೆ ಬಲಿಯಾದರು. ಸಲಹೆಗಾರ ಸಿದ್ಧಗೊಳಿಸಿದ್ದ ಆ ಸಂದರ್ಶನ ನಡೆಯಲೇ ಇಲ್ಲ.

ಅವರು ರಾಜೀವ್ ಗಾಂಧಿಯವರಿಗೂ ಸಲಹೆಗಾರರಾಗಿ ಮುಂದುವರಿದು 1988ರಲ್ಲಿ ನಿರ್ಗಮಿಸಿದರು. ಅಷ್ಟರಲ್ಲಿ ಕಾಲ ಬದಲಾಗಿತ್ತು. 1982ರಲ್ಲಿ ಬಣ್ಣದ ಟಿವಿ ಬಂದ ಮೇಲೆ ಪ್ರಧಾನಿಯ ಮಾತಿಗಿಂತ ಪ್ರಧಾನಿಯ ಚಿತ್ರ ಮನೆಮನೆಗೆ ಮೊದಲು ತಲುಪತೊಡಗಿತು. ಮಣಿಶಂಕರ್ ಅಯ್ಯರ್ ಮೊದಲಾದ ಹೊಸಬರು ಭಾಷಣ ಬರವಣಿಗೆಗೆ ಬಂದರು. ಪದಗಳನ್ನು ಅಳೆದು ತೂಗುವ ಹಳೆಯ ಸಂಪಾದಕೀಯ ಮೇಜಿನ ಶಿಸ್ತು ಹಿಂದೆ ಸರಿಯುತ್ತಿದ್ದ ಹೊತ್ತು ಅದು.

ಕನ್ನಡದ ನಂಟು

ದೆಹಲಿಯಲ್ಲಿ ಅರ್ಧ ಶತಮಾನ ಕಳೆದರೂ ಶಾರದಾಪ್ರಸಾದ್ ಕನ್ನಡವನ್ನು ಬಿಡಲಿಲ್ಲ. ಶಿವರಾಮ ಕಾರಂತರ ‘ಮೈ ಮನಗಳ ಸುಳಿಯಲ್ಲಿ’ ಕಾದಂಬರಿಯನ್ನು ‘ದಿ ವುಮನ್ ಆಫ್ ಬಸ್ರೂರ್’ ಎಂದೂ, ಆತ್ಮಕಥನ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಕೃತಿಯನ್ನು ‘ಟೆನ್ ಫೇಸಸ್ ಆಫ್ ಎ ಕ್ರೇಜಿ ಮೈಂಡ್’ ಎಂದೂ ಇಂಗ್ಲಿಷಿಗೆ ತಂದರು. ತುರ್ತು ಪರಿಸ್ಥಿತಿಯ ವಿರುದ್ಧ ಪದ್ಮಭೂಷಣ ಹಿಂತಿರುಗಿಸಿದ ಲೇಖಕನ ಆತ್ಮಕಥೆಯನ್ನು, ಆ ತುರ್ತು ಪರಿಸ್ಥಿತಿಯಲ್ಲಿ ಪ್ರಧಾನಿಯ ಸಲಹೆಗಾರರಾಗಿದ್ದವರೇ ಅನುವಾದಿಸಿದ್ದು ಆಕಸ್ಮಿಕವಿರಬಹುದು. ಆದರೂ ಆ ಕೆಲಸವನ್ನು ಆರಿಸಿಕೊಂಡವರು ಅವರೇ.

ಇದಲ್ಲದೆ ರಾಷ್ಟ್ರಪತಿ ಭವನದ ಇತಿಹಾಸದ ಕುರಿತ ಗ್ರಂಥ (1992) ಅವರದು. ಜವಾಹರಲಾಲ್ ನೆಹರೂ ಅವರ ಆಯ್ದ ಕೃತಿಗಳ ಎರಡನೆಯ ಮಾಲಿಕೆಯ ಹಲವು ಸಂಪುಟಗಳ ಸಂಪಾದನೆಯಲ್ಲೂ ಅವರು ಪಾಲ್ಗೊಂಡರು. 2000ದಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಆಗ ಪ್ರಧಾನಿಯಾಗಿದ್ದವರು, 1975ರಲ್ಲಿ ಬೆಂಗಳೂರಿನ ಜೈಲು ಸೇರಿದ್ದ ವಾಜಪೇಯಿ.

ಬರೆಯದೆ ಉಳಿದ ಪುಸ್ತಕ

ಆ ಕಾಲದ ಪ್ರಧಾನಿ ಕಾರ್ಯಾಲಯದ ಬಗ್ಗೆ ಅಲ್ಲಿದ್ದವರು ಬರೆದ ಪುಸ್ತಕಗಳಿಗೆ ಕೊರತೆಯಿಲ್ಲ. ಪಿ.ಸಿ. ಅಲೆಕ್ಸಾಂಡರ್ ಇಂದಿರಾ ಗಾಂಧಿಯವರೊಂದಿಗಿನ ದಿನಗಳನ್ನು 1991ರಲ್ಲಿ ದಾಖಲಿಸಿದರು. ಪಿ.ಎನ್. ಧರ್ 2000ದಲ್ಲಿ ತುರ್ತು ಪರಿಸ್ಥಿತಿಯ ಕುರಿತೇ ಗ್ರಂಥ ಬರೆದರು. ಜಂಟಿ ಕಾರ್ಯದರ್ಶಿಯಾಗಿದ್ದ ಬಿ.ಎನ್. ಟಂಡನ್ ಅವರ ದಿನಚರಿಯೂ ಪ್ರಕಟವಾಯಿತು. ಬಿ.ಜಿ. ವರ್ಗೀಸ್ 2010ರಲ್ಲಿ ತಮ್ಮ ನೆನಪುಗಳನ್ನು ಹೊರತಂದರು. ಇವರಲ್ಲಿ ಹಲವರಿಗಿಂತ ದೀರ್ಘಕಾಲ ಅಲ್ಲಿದ್ದ ಶಾರದಾಪ್ರಸಾದರಿಂದ ಅಂಥ ಪುಸ್ತಕ ಬರಲಿಲ್ಲ. 2003ರಲ್ಲಿ ಬಂದ ಅವರ ಪ್ರಬಂಧ ಸಂಕಲನದ ಹೆಸರೇ ‘ದಿ ಬುಕ್ ಐ ವೋಂಟ್ ಬಿ ರೈಟಿಂಗ್’, ಅಂದರೆ ನಾನು ಬರೆಯದಿರುವ ಪುಸ್ತಕ.

ಇದಕ್ಕೆ ಪೂರ್ಣ ವ್ಯತಿರಿಕ್ತವಾದ ನಿದರ್ಶನ 2014ರಲ್ಲಿ ದೊರೆಯಿತು. ಮನಮೋಹನ್ ಸಿಂಗ್ ಅವರಿಗೆ 2004ರಿಂದ 2008ರವರೆಗೆ ಮಾಧ್ಯಮ ಸಲಹೆಗಾರರಾಗಿದ್ದ ಸಂಜಯ ಬಾರು, ಪ್ರಧಾನಿ ಇನ್ನೂ ಅಧಿಕಾರದಲ್ಲಿರುವಾಗಲೇ, ಲೋಕಸಭಾ ಚುನಾವಣೆಯ ನಡುವೆ ‘ದಿ ಆ್ಯಕ್ಸಿಡೆಂಟಲ್ ಪ್ರೈಮ್ ಮಿನಿಸ್ಟರ್’ ಪುಸ್ತಕ ಪ್ರಕಟಿಸಿದರು. ಪ್ರಧಾನಿ ಕಾರ್ಯಾಲಯ ಅದನ್ನು ಖಂಡಿಸಿತು. ಪುಸ್ತಕ 2019ರಲ್ಲಿ ಚಲನಚಿತ್ರವೂ ಆಯಿತು. ಪ್ರಧಾನಿಯ ಮಾತು ಕಾಯುವ ಹುದ್ದೆಯಲ್ಲಿದ್ದ ಇಬ್ಬರಲ್ಲಿ ಒಬ್ಬರು ಏನೂ ಹೇಳಲಿಲ್ಲ, ಇನ್ನೊಬ್ಬರು ಬೇಗನೆ ಹೇಳಿದರು.

ಇವೆರಡರಲ್ಲಿ ಯಾವುದು ಸರಿ? ಸಲಹೆಗಾರ ನಾಳೆ ಬರೆಯುತ್ತಾನೆಂಬ ಅಳುಕಿದ್ದರೆ ಯಾವ ಪ್ರಧಾನಿಯೂ ಅವನೆದುರು ಮನಸ್ಸು ಬಿಚ್ಚಿ ಮಾತನಾಡಲಾರರು. ಆ ಕೊಠಡಿಯಲ್ಲಿ ಬಿಚ್ಚುಮಾತು ನಿಂತರೆ ಕೆಟ್ಟ ಸಲಹೆ ಹೆಚ್ಚುತ್ತದೆ. ಈ ದೃಷ್ಟಿಯಿಂದ ಶಾರದಾಪ್ರಸಾದರ ಮೌನ ಹುದ್ದೆಯ ಘನತೆಯನ್ನು ಕಾಪಾಡಿತು. ಆದರೆ ಪ್ರಧಾನಿಯ ಹಿರಿಯ ಅಧಿಕಾರಿ ವ್ಯಕ್ತಿಯೊಬ್ಬರ ಆಪ್ತನಷ್ಟೇ ಅಲ್ಲ. ಸಂಬಳ ಕೊಡುವ ಜನರಿಗೂ ಉತ್ತರದಾಯಿ. ಸಂವಿಧಾನದತ್ತ ಹಕ್ಕುಗಳು ಅಮಾನತಿನಲ್ಲಿದ್ದ 21 ತಿಂಗಳುಗಳಲ್ಲಿ ಆ ಕಚೇರಿಯೊಳಗೆ ಯಾರು ಏನು ಹೇಳಿದರು, ಯಾರು ಬೇಡವೆಂದರು ಎಂಬುದು ಖಾಸಗಿ ವಿಷಯವಲ್ಲ. ತಕ್ಷಣ ಬರೆಯಬೇಕೆಂದು ಯಾರೂ ಕೇಳುತ್ತಿರಲಿಲ್ಲ. ನೆಹರೂ ಅವರ ಕಾಗದಪತ್ರಗಳನ್ನು ಮುಂದಿನ ತಲೆಮಾರಿಗಾಗಿ ಸಂಪಾದಿಸಿಕೊಟ್ಟವರಿಗೆ ದಾಖಲೆಯ ಬೆಲೆ ಬೇರೆಯವರು ಹೇಳಬೇಕಾಗಿರಲಿಲ್ಲ.

2008ರ ಸೆಪ್ಟೆಂಬರ್ 2ರಂದು, 84ರ ವಯಸ್ಸಿನಲ್ಲಿ ಅವರು ನಿಧನರಾದರು. ಅವರ ಬಳಿಕ ಓದುಗರ ಕೈಗೆ ಬಂದದ್ದು 1942ರ ಜೈಲು ದಿನಚರಿ. ಅಧಿಕಾರವಿಲ್ಲದಿದ್ದಾಗ ಬರೆದದ್ದು ಉಳಿಯಿತು. ಅಧಿಕಾರದ ಬಳಿಯಿದ್ದಾಗ ಕಂಡದ್ದು ಅವರೊಂದಿಗೇ ಹೋಯಿತು.

ಜೀವನದ ಮುಖ್ಯ ಘಟ್ಟಗಳು

1924: ಬೆಂಗಳೂರಿನಲ್ಲಿ ಜನನ
1942: ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಪಾಲ್ಗೊಂಡು ಸೆರೆವಾಸ
1945: ಮುಂಬಯಿಯಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಸೇರ್ಪಡೆ
1955-56: ಹಾರ್ವರ್ಡ್‌ನಲ್ಲಿ ನೀಮನ್ ಫೆಲೋ
1966: ಪ್ರಧಾನಿ ಸಚಿವಾಲಯದ ಮಾಹಿತಿ ವಿಭಾಗಕ್ಕೆ
1978: ಭಾರತೀಯ ಸಮೂಹ ಸಂವಹನ ಸಂಸ್ಥೆಯ ನಿರ್ದೇಶಕ
1980: ಪ್ರಧಾನಿ ಕಾರ್ಯಾಲಯಕ್ಕೆ ಪುನರಾಗಮನ
1988: ಪ್ರಧಾನಿ ಕಾರ್ಯಾಲಯದಿಂದ ನಿರ್ಗಮನ
2000: ಪದ್ಮಭೂಷಣ
2003: ಪ್ರಬಂಧ ಸಂಕಲನ ಪ್ರಕಟಣೆ
2008: ನವದೆಹಲಿಯಲ್ಲಿ ನಿಧನ